ಗಾಳಿ ಬಿಡಿಸಿದವಳು

ಮುದ್ದಯ್ಯ ಸಾವ್ಕಾರನ ಮಗ್ಗದ ಮನೆಗೆ ಕಿಟಕಿಗಳೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಇದ್ದವು. ಕಟ್ಟಿದ ಮೇಸ್ತ್ರಿ ಮರೆಯದೆ ಇಟ್ಟಿದ್ದ. ಅವನು ಅತ್ತ ಹೋದ ಮೇಲೆ ಸಾವ್ಕಾರ ಅವಕ್ಕೆ ಗೋಣಿತಾಟು ಮುಚ್ಚಿ ಸುತ್ತಲೂ ಮೊಳೆ ಹೊಡೆಸಿದ. ಗಾಳಿ ಆಡಿದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸು ಒಣಗುತ್ತದೆ, ಒಣಗಿದ ರೇಷ್ಮೆ ಎಳೆ ಪಟಪಟ ಹರಿಯುತ್ತದೆ, ಹರಿದ ಎಳೆ ಕಟ್ಟುತ್ತಾ ಕೂತರೆ ಮಗ್ಗದಿಂದ ಸೀರೆ ಇಳಿಯುವುದು ಯಾವಾಗ? ಅವನ ಮಾತಿನಲ್ಲಿ ಅರ್ಧ ನಿಜ ಇತ್ತು. ಅರ್ಧ ನಿಜದಷ್ಟು ಗಟ್ಟಿಯಾದ ಬೀಗ ಇನ್ನೊಂದಿಲ್ಲ.

ಕೊಳ್ಳೇಗಾಲ ಮದರಾಸು ಸೀಮೆ ಬಿಟ್ಟು ಮೈಸೂರು ಸೀಮೆಗೆ ಸೇರಿದ ಮಾರನೇ ವರ್ಷ ಅದು. ಸರ್ಕಾರ ಬದಲಾಗಿತ್ತು, ಕಚೇರಿ ಬಾಗಿಲ ಮೇಲಿನ ಅಕ್ಷರ ಬದಲಾಗಿತ್ತು. ಗೋಣಿತಾಟು ಮಾತ್ರ ಹಾಗೇ ಇತ್ತು.

ಒಳಗೆ ನೆಲದಲ್ಲಿ ತೋಡಿದ ಗುಂಡಿಗಳು, ಗುಂಡಿಗೊಂದು ಮಗ್ಗ. ನೇಯುವವನು ಅಂಚಿನಲ್ಲಿ ಕೂತು, ಕಾಲು ಗುಂಡಿಯೊಳಕ್ಕೆ ಇಳಿಬಿಟ್ಟು, ಎಡಕ್ಕೊಂದು ಬಲಕ್ಕೊಂದು ಹಲಗೆ ತುಳಿಯಬೇಕು. ಎರಡು ಕಾಲೂ ಸರಿಯಾಗಿದ್ದರೆ ನೇಕಾರ. ಒಂದು ಹೋದರೆ ಬೀದಿಯಲ್ಲಿ ಕೂರುವವನು. ಗುಂಡಿಯ ಥಂಡಿ ನೂಲಿಗೆ ಒಳ್ಳೆಯದಂತೆ. ನೂಲಿಗೆ ಒಳ್ಳೆಯದು ಕಾಲಿಗೂ ಒಳ್ಳೆಯದೇ ಅಂತ ಯಾರೂ ಕೇಳಿರಲಿಲ್ಲ. ನೆಲಕ್ಕೆ, ಗುಂಡಿಯ ಗೋಡೆಗೆ ಹೆಂಗಸರು ಸಗಣಿ ಸಾರಿಸುತ್ತಿದ್ದರು. ಆ ಕತ್ತಲಲ್ಲಿ, ಆ ತೇವದಲ್ಲಿ, ಜಗತ್ತಿನ ಹೆಂಗಸರು ಮದುವೆಗೆ ಉಡುವ ಸೀರೆ ಹುಟ್ಟುತ್ತಿತ್ತು.

ಅನಸೂಯಮ್ಮ ಆ ಮನೆಯ ಮೂಲೆಯಲ್ಲಿ ರಾಟೆ ಮುಂದೆ ಕೂತು ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವವಳು. ಗಂಡ ಜವರಯ್ಯ ಬಾಗಿಲ ಕಡೆಯ ಮಗ್ಗದಲ್ಲಿ ನೇಯುತ್ತಿದ್ದ. ಅವಳಿಗೆ ಒಂದು ಚಟ ಇತ್ತು: ಹೊಸ ನೂಲಿನ ಲಡಿ ಬಂದರೆ ಮುಷ್ಟಿಯಲ್ಲಿ ಹಿಡಿದು ಒಮ್ಮೆ ಹಿಸುಕುವುದು. ಒಳ್ಳೆಯ ರೇಷ್ಮೆಯಾದರೆ ಅಂಗೈಯೊಳಗೆ ಚರಚರ ಅನ್ನುತ್ತದೆ. 'ರೇಷ್ಮೆ ಮಾತಾಡ್ತದೆ' ಅಂತಾರೆ ಆ ಬೀದಿಯಲ್ಲಿ. ಆ ಮಾತು ಕೇಳಿ ಕೇಳಿ ಅವಳ ಬೆರಳಿಗೇ ಕಿವಿ ಬಂದಿತ್ತು.

ಜವರಯ್ಯನ ಬಲಗಾಲ ಹಲಗೆ ಸೀಳು ಬಿಟ್ಟು, ಅದಕ್ಕೆ ಹೊಡೆದ ತುಕ್ಕುಮೊಳೆ ತಲೆ ಎತ್ತಿತ್ತು.

"ಸಾವ್ಕಾರ್ರೆ, ಹಲಗೆ ಬದ್ಲಾಯಿಸ್ಬೇಕಿತ್ತು ಕಣ್ರಿ. ಮೊಳೆ ಕಾಲಿಗೆ ಸಿಕ್ತದೆ," ಅಂದಿದ್ದ ಅವನು.

"ಈ ಸೀರೆ ಇಳೀಲಿ ಕಣ್ಲಾ, ನೋಡಾಣ," ಅಂದಿದ್ದ ಮುದ್ದಯ್ಯ. "ಅಲ್ಲೀಗಂಟ ಮೆಲ್ಗೆ ತುಳಿ."

ಮೆಲ್ಲಗೆ ತುಳಿದು ಯಾರಾದರೂ ಸೀರೆ ನೇಯ್ದದ್ದುಂಟೆ? ಆ ಸೀರೆ ಇಳಿಯಿತು. ಅದರ ಮೇಲೆ ಇನ್ನೊಂದು ಏರಿತು. ಸೆರಗಿನ ಜರಿ ಬರುವ ಹೊತ್ತಿಗೆ ಹಲಗೆ ಎರಡಾಗಿ ಬಿರಿದು ಮೊಳೆ ಜವರಯ್ಯನ ಅಂಗಾಲಿಗೆ ಪೂರ್ತಿ ಇಳಿಯಿತು. ಕಿತ್ತಾಗ ರಕ್ತ ಹೆಚ್ಚು ಬರಲಿಲ್ಲ. ಅದನ್ನೇ ಎಲ್ಲರೂ ಒಳ್ಳೆಯ ಶಕುನ ಅಂದರು. ಜವರಯ್ಯನ ತಾಯಿ ಚನ್ನಾಜಮ್ಮ ಆ ತೂತಿಗೆ ಅರಿಸಿನ ಕಲಸಿದ ಹಸಿ ಸಗಣಿ ಮೆತ್ತಿ, ಹಳೇ ರೇಷ್ಮೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು. ಸುತ್ತುತ್ತಾ, ಆ ಬೀದಿಯ ಪ್ರತಿ ತಾಯಿಯೂ ಹೇಳುವ ಮಾತನ್ನು ಹೇಳಿದಳು:

"ನೂಲಿಗೂ ಗಾಯಕ್ಕೂ ಗಾಳಿ ಸೋಕ್ಬಾರ್ದು ಕಣಪ್ಪ."

ಗಂಟು ಬಿಚ್ಚುವ ಹೊತ್ತಿಗೆ ಪಾದ ಕುಂಬಳಕಾಯಿಯಾಗಿತ್ತು. ಚರ್ಮ ಹಳೇ ತಾಮ್ರದ ಚೊಂಬಿನ ಬಣ್ಣಕ್ಕೆ ತಿರುಗಿತ್ತು. ಸತ್ತ ಇಲಿಯ ವಾಸನೆ. ಜವರಯ್ಯ ಜ್ವರದಲ್ಲಿ ಮಗ್ಗದ ಲೆಕ್ಕವನ್ನೇ ಬಡಬಡಿಸುತ್ತಿದ್ದ. ಅನಸೂಯಮ್ಮ ನೋವಿಗೆ ಹಿತವಾಗಲಿ ಅಂತ ಅವನ ಹಿಮ್ಮಡಿಯ ಮೇಲ್ಗಡೆ ಮೆಲ್ಲಗೆ ಒತ್ತಿದಳು. ಒತ್ತಿದವಳು ಕೈ ಹಿಂದಕ್ಕೆಳೆದುಕೊಂಡಳು.

ಚರಚರ.

ಮತ್ತೆ ಒತ್ತಿದಳು. ಚರ್ಮದ ಕೆಳಗೆ ರೇಷ್ಮೆ ಮಾತಾಡುತ್ತಿತ್ತು.

"ಅತ್ತೆ, ಕೈ ಇಟ್ಟು ನೋಡಿ. ಒಳ್ಗೆ ಏನೋ ಆಡ್ತದೆ."

ಚನ್ನಾಜಮ್ಮ ಕೈ ಇಟ್ಟಳು. ಮುಖದ ರಕ್ತ ಇಳಿಯಿತು. "ಗಾಳಿ ಕಣಮ್ಮಿ. ನನ್ ಮಗನ್ಗೆ ಗಾಳಿ ಮೆಟ್ಕಂಡದೆ."

ಗಾಳಿ ಅನ್ನುವ ಮಾತು ಬೀದಿ ದಾಟಿ ಸಾವ್ಕಾರನ ಕಿವಿಗೆ ಬಿದ್ದದ್ದೇ ತಡ, ಮುದ್ದಯ್ಯ ಚಪ್ಪಲಿ ಮೆಟ್ಟಿಕೊಂಡು ಬಂದೇಬಿಟ್ಟ. ಅವನ ಮುಖದಲ್ಲಿ ದುಃಖಕ್ಕಿಂತ ನೆಮ್ಮದಿ ಹೆಚ್ಚಿತ್ತು.

"ಗಾಳಿ ಅಂದ್ಮೇಲೆ ತಡ ಮಾಡ್ಬಾರ್ದು ಕಣವ್ವ ಚನ್ನಾಜಿ. ಹನೂರಿಂದ ನಿಂಗಯ್ಯನ್ನ ಕರುಸ್ತೀನಿ. ಅಂವ ಬಿಡಿಸ್ದೇ ಇರೋ ಗಾಳಿ ಈ ಸೀಮೇಲಿಲ್ಲ. ಕಾಲು ಬಿಚ್ಬ್ಯಾಡಿ, ಬಿಗ್ಯಾಗಿ ಕಟ್ಟಿಡಿ. ಸಂತೆ ಕಳುದ್ ತಕ್ಷಣ ಬತ್ತಾನೆ."

ಅವನು ಹೋದ ಮೇಲೆ ಪಕ್ಕದ ಮಗ್ಗದ ಚಿಕ್ಕಸಿದ್ದಯ್ಯ ಬಾಗಿಲಲ್ಲಿ ಉಗುಳಿದ. ಜವರಯ್ಯನಿಗಿಂತ ಕಿರಿಯ, ಬಾಯಿ ಮಾತ್ರ ಹಿರಿಯದು. "ಸಾವ್ಕಾರ್ರ ಅವಸ್ರ ನೋಡ್ದಾ ಅತ್ಗೆ? ಮೊಳೆ ಅಂದ್ರೆ ಅವ್ರುದು. ಗಾಳಿ ಅಂದ್ರೆ ಯಾರ್ದೂ ಅಲ್ಲ."

ಅನಸೂಯಮ್ಮ ಗಂಡನ ಕಾಲನ್ನು ಇನ್ನೊಮ್ಮೆ ಒತ್ತಿ ನೋಡಿದಳು. ಗಾಳಿಯನ್ನು ಅವಳೂ ನಂಬಿದವಳೇ. ಅವಳ ತವರು ಯಳಂದೂರಿನಲ್ಲಿ ಹುಣಸೆಮರಕ್ಕೊಂದು ಗಾಳಿ, ಬಾವಿಗೊಂದು ಗಾಳಿ ಇತ್ತು. ಆದರೆ ಸಂತೆ ಕಳೆಯುವವರೆಗೆ ಈ ಚರಚರ ಕಾಯುತ್ತದೆಯೇ? ಮೊದಲು ಹಿಮ್ಮಡಿಯ ಮೇಲಿದ್ದದ್ದು ಆಗಲೇ ಮೀನಖಂಡಕ್ಕೆ ಬಂದಿತ್ತು. ಅದು ಕೂತಲ್ಲಿ ಕೂತಿರಲಿಲ್ಲ, ಹತ್ತುತ್ತಿತ್ತು.

"ಗಾಡಿ ತತ್ತೀಯಾ ಚಿಕ್ಕಸಿದ್ದಯ್ಯ?" ಅಂದಳು. "ಆಸ್ಪತ್ರೆಗೆ."

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಕೊಯಮತ್ತೂರಿನ ಕಡೆಯವರು. ಸೀಮೆ ಹಂಚಿಕೆಯಾದಾಗ ವರ್ಗ ಕೇಳದೆ ಇಲ್ಲೇ ಉಳಿದವರು. ಅರ್ಧ ತಮಿಳು ಬೆರೆಸಿ ಆಡುವ ಅವರ ಕನ್ನಡಕ್ಕೆ ಊರವರು ನಗುತ್ತಿದ್ದರು, ನಕ್ಕುಕೊಂಡೇ ಹೆರಿಗೆಗೆ ಹೋಗುತ್ತಿದ್ದರು. ಗಂಡಸಿನ ಕಾಲಿಗೆ ಬಾಣಂತಿ ಡಾಕ್ಟರೇ ಅಂತ ಚನ್ನಾಜಮ್ಮ ದಾರಿಯುದ್ದಕ್ಕೂ ಗೊಣಗಿದಳು.

ಡಾಕ್ಟರಮ್ಮ ಬಟ್ಟೆ ಬಿಚ್ಚಿ, ಮೂಸಿ, ಒಂದು ಸಲ ಒತ್ತಿದರು. ಅವರ ಕೈಯೂ ಅಲ್ಲೇ ನಿಂತಿತು.

"ಏನಮ್ಮಾ ಇದು? ಇಷ್ಟು ದಿವಸ ಏನು ಪಣ್ಣಿದ್ರಿ, ಏನು ಮಾಡಿದ್ರಿ?"

"ಮೊಳೆ ಚುಚ್ತು ಡಾಕ್ಟ್ರಮ್ಮ. ಸಗಣಿ ಮೆತ್ತಿ ಕಟ್ಟಿದ್ವಿ. ಒಳ್ಗೆ ರೇಷ್ಮೆ ಹಿಸುಕ್ದಂಗೆ ಸದ್ದು ಬತ್ತದೆ. ಮೊದ್ಲು ಇಲ್ಲಿತ್ತು, ಈಗ ಇಲ್ಲಿಗ್ ಬಂದದೆ," ಅಂತ ಅನಸೂಯಮ್ಮ ಬೆರಳಿಟ್ಟು ತೋರಿಸಿದಳು.

ಡಾಕ್ಟರಮ್ಮ ಅವಳ ಮುಖ ನೋಡಿದರು. "ಸರಿ ಹೇಳಿದೆ. ಕಾಲೊಳಗೆ ಗಾಳಿ ಸೇರಿದೆ."

ಅಷ್ಟು ಸಾಕಾಯಿತು. "ಕೇಳುದ್ಯಾ?" ಅಂತ ಚನ್ನಾಜಮ್ಮ ಎದೆ ಬಡಿದುಕೊಂಡಳು. "ಡಾಕ್ಟ್ರೇ ಬಾಯ್ಬಿಟ್ಟು ಯೋಳ್ದ್ರು. ಗಾಳಿ ಅಂತೆ." ಮುಂದಿನ ಮಾತು ಕೇಳಲು ಅವಳು ಅಲ್ಲಿ ನಿಲ್ಲಲೇ ಇಲ್ಲ. ಅವಳ ಕಾಲಿಗಿಂತ ಮೊದಲು ಸುದ್ದಿ ಊರು ಸೇರಿತು.

ಮುಂದಿನ ಮಾತು ಕೇಳಿದವಳು ಅನಸೂಯಮ್ಮ ಒಬ್ಬಳೇ. ಡಾಕ್ಟರಮ್ಮ ಕತ್ತರಿ, ಚಾಕು ಕುದಿಯಲು ಇಡಿಸುತ್ತಲೇ ಹೇಳಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಇದು. ಮಣ್ಣಲ್ಲಿದೆ, ಸಗಣಿಯಲ್ಲಿದೆ. ಇದರ ಬಳಗದವರು ನಮ್ಮ ನಿಮ್ಮ ಕರುಳಲ್ಲೂ, ಹಲ್ಲಿನ ಸಂದಿಯಲ್ಲೂ ಕೋಟಿಗಟ್ಟಲೆ ಇದಾರೆ. ಅವರವರ ಜಾಗದಲ್ಲಿ ಇರೋವರೆಗೂ ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು. ಆದರೆ ಉಳಿದ ಜೀವಕ್ಕೆಲ್ಲ ಉಸಿರಾಡಲು ಗಾಳಿ ಬೇಕು, ಇವರಿಗೆ ಗಾಳಿ ಅಂದರೆ ವಿಷ. ಗಾಳಿ ಇಲ್ಲದ ಕಡೆ ಹುಡುಕಿಕೊಂಡು ಅವಿತು ಕೂರುತ್ತವೆ. ಆಳವಾದ ತೂತು, ಮೇಲೆ ಮುಚ್ಚಳ — ಅವಕ್ಕೆ ಅರಮನೆ. ಅಲ್ಲಿ ಕೂತು ಮಾಂಸ ಕೊಳೆಸಿ ತಿನ್ನುತ್ತವೆ, ತಿಂದು ತೇಗುತ್ತವೆ. ಆ ತೇಗೇ ನಿನ್ನ ಕೈಗೆ ಸಿಕ್ಕ ಚರಚರ.

"ಅಂದ್ರೆ ನಾವೇ ಮುಚ್ಚಿ ಸಾಕಿದ್ವಾ?" ಅಂದಳು ಅನಸೂಯಮ್ಮ.

"ಗೊತ್ತಿಲ್ಲದೆ ಮಾಡಿದ್ರಿ. ಈಗ ಗೊತ್ತಾಯ್ತಲ್ಲ." ಡಾಕ್ಟರಮ್ಮ ನೇರಳೆ ಬಣ್ಣದ ಔಷಧಿಯಲ್ಲಿ ಹತ್ತಿ ಅದ್ದಿ ಜವರಯ್ಯನ ಮೊಣಕಾಲಿನ ಕೆಳಗೆ ಸುತ್ತಲೂ ಒಂದು ಗೆರೆ ಎಳೆದರು. "ಇಂಗೆ ಪಾರು, ಇಲ್ಲಿ ನೋಡಮ್ಮಾ. ಮೈಸೂರಿಗೆ ಸಾಗಿಸಿದರೆ ದಾರಿಯಲ್ಲೇ ಇದು ತೊಡೆಗೆ ಹತ್ತುತ್ತೆ. ನಾನು ಇಲ್ಲೇ ಕೊಯ್ದು ಸತ್ತದ್ದನ್ನ ತೆಗೀತೀನಿ. ಹೊಲಿಯೋದಿಲ್ಲ, ಕಟ್ಟೋದಿಲ್ಲ, ಬಾಯಿ ತೆಗೆದೇ ಬಿಡ್ತೀನಿ. ಆಮೇಲೂ ಆ ಸದ್ದು ಈ ಗೆರೆ ದಾಟಿದರೆ ಕಾಲು ತೆಗೀಬೇಕು, ಇಲ್ಲಾಂದ್ರೆ ಜೀವ ಉಳಿಯಲ್ಲ. ದಾಟದಿದ್ದರೆ ಕಾಲು ನಿಮ್ಮದು. ಒಪ್ಪಿಗೆ ಇದೆಯಾ?"

ಗೆರೆ ಇನ್ನೂ ಹಸಿಯಾಗಿತ್ತು. ಅದರ ಆಚೆ ಮಗ್ಗ, ಅನ್ನ, ಜವರಯ್ಯನ ಮಾನ ಇದ್ದವು. "ಕೊಯ್ಯಿ ಡಾಕ್ಟ್ರಮ್ಮ," ಅಂದಳು.

ಮಂಪರಿನಿಂದ ಎದ್ದ ಜವರಯ್ಯನಿಗೆ ಬಲಗಾಲಿನ ಕಿರುಬೆರಳು ಇರಲಿಲ್ಲ, ಮೀನಖಂಡದ ಉದ್ದಕ್ಕೂ ಉಳುಮೆ ಮಾಡಿದಂತೆ ಸೀಳು ಬಿಟ್ಟಿತ್ತು. ನೀರಿನಂಥ ಒಂದು ಔಷಧಿಯನ್ನು ಡಾಕ್ಟರಮ್ಮ ಆ ಸೀಳಿಗೆ ಸುರಿದರು. ಸುರಿದದ್ದೇ ಬುಸುಬುಸು ಅಂತ ಬಿಳಿ ನೊರೆ ಉಕ್ಕಿತು, ಹಾಲು ಕಾದ ಹಾಗೆ. ಅದರೊಳಗೆ ಗಾಳಿಯನ್ನೇ ಅಡಗಿಸಿಟ್ಟಿದೆ, ಹುಳ ಕೂತ ಮೂಲೆಗೆ ನುಗ್ಗಿಸ್ತಿದೀನಿ ಅಂದರು. ಮೇಲೊಂದು ತೆಳು ಜಾಲರಿ ಬಟ್ಟೆ ಹಾಸಿ, ಮಂಚವನ್ನು ಕಿಟಕಿ ಕಡೆಗೆ ಸರಿಸಿದರು. ಪೆನಿಸಿಲಿನ್ ಸೂಜಿ ಬೇರೆ.

"ಇಲ್ಲಿರೋ ಔಷಧಿ ನಾಳೆಗೆ ಸಾಲೋದಿಲ್ಲ. ಯಳಂದೂರು ಆಸ್ಪತ್ರೆಯಲ್ಲಿ ಇದೆ, ಚೀಟಿ ಕೊಡ್ತೀನಿ. ಯಾರಾದ್ರೂ ಹೋಗಬೇಕು."

ಬಸ್ಸು ಹೋಗಿಬಿಟ್ಟಿತ್ತು. ಚಿಕ್ಕಸಿದ್ದಯ್ಯ ಯಾರದೋ ಸೈಕಲ್ ಇಸ್ಕೊಂಡು ಚೀಟಿ ತಲೆಗೆ ಸುತ್ತಿದ ಟವಲಿನೊಳಗೆ ಸಿಕ್ಕಿಸಿಕೊಂಡ. "ಅತ್ಗೆ, ನಿನ್ ತವ್ರೂರು ಬ್ಯಾರೆ. ಸಿಹಿ ಉಂಡೆ ತರ್ಲಾ, ಬರೀ ಸೂಜಿಮದ್ದು ಸಾಕಾ?" ಅಂದು ಅವಳನ್ನು ಒಂದಿಷ್ಟು ನಗಿಸಿಯೇ ತುಳಿದುಕೊಂಡು ಹೋದ.

ಅನಸೂಯಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತಳು. ಆಗಾಗ್ಗೆ ಎದ್ದು ಗೆರೆಯ ಕೆಳಗೆ ಬೆರಳಿಡುವಳು. ಸದ್ದು ಇತ್ತು, ಆದರೆ ಗೆರೆಗೆ ಇನ್ನೂ ನಾಲ್ಕು ಬೆರಳು ದೂರ ಇತ್ತು. ಗೆರೆಯ ಮೇಲೆ ಬೆರಳಿಡುವಳು. ಮೌನ. ಆ ಮೌನವನ್ನು ನೋಡಿಕೊಳ್ಳುವುದೇ ಅವಳ ಕೆಲಸವಾಯಿತು.

ಮಾರನೆಯ ದಿನ ಬೆಳಿಗ್ಗೆ ಗಂಜಿ ತರಲು ಮನೆಗೆ ಹೋದಳು. ಡಾಕ್ಟರಮ್ಮ ಹೆರಿಗೆ ಕೋಣೆಯಲ್ಲಿದ್ದರು. ಅಷ್ಟರಲ್ಲೇ ಆಗಬಾರದ್ದು ಆಯಿತು.

ವಾಪಸು ಬಂದಾಗ ವಾರ್ಡಿನ ಆ ಕಿಟಕಿ ಮುಚ್ಚಿತ್ತು. ಸಾಂಬ್ರಾಣಿ ಹೊಗೆ. ಮುದ್ದಯ್ಯ ಕಾಲ ಮೇಲೆ ಕಾಲು ಹಾಕಿಕೊಂಡು ಪಕ್ಕದ ಖಾಲಿ ಮಂಚದಲ್ಲಿ ಕೂತಿದ್ದ. ಸಂತೆ ಕಾಯದೆ ಅವನು ಕರೆಸಿದ್ದ ಹನೂರಿನ ನಿಂಗಯ್ಯ ಬೇವಿನ ಸೊಪ್ಪು ಹಿಡಿದು ನಿಂತಿದ್ದ. ಎಲುಬೂ ತೊಗಲೂ ಆದ ಮುದುಕ, ಹಣೆ ತುಂಬ ವಿಭೂತಿ. ಜವರಯ್ಯನ ಕಾಲು ಮೊಣಕಾಲಿನವರೆಗೂ ಬಿಗಿಯಾಗಿ ಸುತ್ತಿಕೊಂಡಿತ್ತು. ಬೂದಿ, ಸೊಪ್ಪು, ಮೇಲೆ ದಟ್ಟ ರೇಷ್ಮೆ ಬಟ್ಟೆ. ನೇರಳೆ ಗೆರೆ ಕಾಣುತ್ತಲೇ ಇರಲಿಲ್ಲ.

ಗಂಜಿಯ ಪಾತ್ರೆ ನೆಲಕ್ಕಿಟ್ಟು ಅವಳು ಕೇಳಿದಳು: "ಯಾರು ಸುತ್ತಿದ್ದು?"

"ನಾನೇ ಕಣಮ್ಮಿ," ಅಂದಳು ಚನ್ನಾಜಮ್ಮ. "ಎತ್ತ ಮಗ ಅವ್ನು. ಬಾಯ್ ತಕ್ಕಂಡ್ ಮಲ್ಗಿರೋ ಕಾಲ ಎಂಗ್ ನೋಡ್ಲಿ ನಾನು?"

"ಬಟ್ಟೆ ಯಾರ್ದು?"

"ಬಟ್ಟೆ ನಂದು," ಅಂದ ಮುದ್ದಯ್ಯ. "ಎಂಗಸು ನೀನು, ಸುಮ್ಕಿರು. ಡಾಕ್ಟ್ರೇ ಗಾಳಿ ಅಂದವ್ಳೆ. ಅಂದ್ಮೇಲೆ ಗಾಳಿ ಬಿಡ್ಸೋನು ನೋಡ್ದೆ ಬಾಣಂತ್ನ ಮಾಡೋಳು ನೋಡಕ್ಕಾಯ್ತದಾ?"

ಅನಸೂಯಮ್ಮ ಕಿಟಕಿಗೆ ಹೋಗಿ ಎರಡು ಕದವನ್ನೂ ಗೋಡೆಗೆ ಬಡಿಯುವಂತೆ ತೆಗೆದಳು. ಮಂಚಕ್ಕೆ ಬಂದು ಬಟ್ಟೆಯ ಗಂಟು ಹುಡುಕಿದಳು. ಗಂಟು ಬಿಗಿದಿತ್ತು. ಎಳೆ ಹರಿಯದ ಹಾಗೆ ನೂಲು ಬಿಡಿಸುವುದು ಹುಟ್ಟಿನಿಂದ ಕಲಿತ ಕೈ ಅವಳದು; ಆವತ್ತು ಅವಳು ರೇಷ್ಮೆಗೆ ಹಲ್ಲು ಹಾಕಿ ಪರ್ರನೆ ಹರಿದಳು. ಚನ್ನಾಜಮ್ಮ ಕಣ್ಣು ಮುಚ್ಚಿಕೊಂಡಳು. ಆ ಬೀದಿಯಲ್ಲಿ ರೇಷ್ಮೆ ಹರಿಯುವುದು ತಾಳಿ ಹರಿದಂತೆ.

"ಜರಿ ಬಟ್ಟೆ ಕಣೇ ಅದು," ಅಂದ ಸಾವ್ಕಾರ, ಅರ್ಧ ಎದ್ದು.

"ಗೊತ್ತು. ನಾವೇ ನೇಯ್ದಿದ್ದು."

ಬೂದಿ ಒರೆಸಿದಳು. ಗೆರೆ ಕಂಡಿತು. ಬೆರಳಿಟ್ಟಳು. ನಾಲ್ಕು ಬೆರಳಿನ ದೂರ ಉಳಿದಿರಲಿಲ್ಲ. ಗೆರೆಯ ಅಂಚಿಗೇ ಸದ್ದು ಬಂದು ಕೂತಿತ್ತು, ಹೊಸ್ತಿಲಿಗೆ ಬಂದ ಕಳ್ಳನ ಹಾಗೆ.

ದಾದಿ ಓಡಿದಳು, ಡಾಕ್ಟರಮ್ಮ ಬಂದರು. ಅವರು ಯಾರನ್ನೂ ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ. ಚಾಕು ಹಿಡಿದು ಇನ್ನೊಂದು ಸೀಳು ತೆಗೆದರು, ಕಪ್ಪಗಾದದ್ದನ್ನು ಕತ್ತರಿಸಿ ಹಾಕಿದರು, ಔಷಧಿ ಸುರಿದರು. ನೊರೆ ಉಕ್ಕಿತು. ಜವರಯ್ಯನ ಕೂಗಿಗೆ ಮುದ್ದಯ್ಯ ಹೊರಗೆ ಹೋದ. ನಿಂಗಯ್ಯ ಮಾತ್ರ ಸೊಪ್ಪು ಹಿಡಿದುಕೊಂಡೇ ಮಂಚದ ಕಾಲ ಬಳಿ ನಿಂತಿದ್ದ.

"ಅದೇನ್ ತಾಯಿ, ಕುದೀತಾ ಅದೆ?" ಅಂದ ಮೆಲ್ಲಗೆ.

"ಗಾಳಿ ಬಿಡ್ತಾ ಇದೀನಿ ಅಯ್ಯಾ," ಅಂದರು ಡಾಕ್ಟರಮ್ಮ, ತಲೆ ಎತ್ತದೆ. "ನೀವು ಬಿಡಿಸ್ತೀರಿ. ನಾನು ಬಿಡ್ತೀನಿ. ಒಳಗಿದ್ದದ್ದು ಹುಳ ತೇಗಿದ ಗಾಳಿ. ನಾನು ಬಿಡೋದು ಹುಳಾನ ಕೊಲ್ಲೋ ಗಾಳಿ."

ನಿಂಗಯ್ಯ ನೊರೆಯನ್ನು ನೋಡಿದ. ಪಕ್ಕದ ತಟ್ಟೆಯಲ್ಲಿ ತೆಗೆದಿಟ್ಟಿದ್ದ ಚೂರುಗಳನ್ನು ನೋಡಿದ. ಅದರಲ್ಲಿ ಅಂಗಾಲಿನ ಆಳದಿಂದ ಬಂದ ಒಂದು ತುಕ್ಕಿನ ಸಿಬಿರೂ ಇತ್ತು. ಸೊಪ್ಪನ್ನು ಕಿಟಕಿಯಿಂದ ಆಚೆ ಹಾಕಿ, ಅಲ್ಲೇ ಗೋಡೆಗೊರಗಿ ಕೂತುಬಿಟ್ಟ. ಹನೂರಿನ ಬಸ್ಸು ಹಿಡಿಯಲಿಲ್ಲ.

ಯಳಂದೂರಿನಿಂದ ಔಷಧಿ ಬರುವುದಕ್ಕೂ ಇಲ್ಲಿನ ಕೊನೆಯ ಸೀಸೆ ಮುಗಿಯುವುದಕ್ಕೂ ಸರಿಹೋಯಿತು. ಚಿಕ್ಕಸಿದ್ದಯ್ಯನ ಅಂಗಿ ಬೆವರಿಗೆ ಮೈಗಂಟಿತ್ತು. ಆ ಹಗಲೆಲ್ಲ, ಮರುದಿನವೂ, ಅನಸೂಯಮ್ಮ ಮಂಚ ಬಿಟ್ಟು ಕದಲಲಿಲ್ಲ. ಗಂಜಿ ತಂದವರು, ನೋಡಲು ಬಂದವರು, ಕಿಟಕಿ ಕಡೆ ಕೈ ಚಾಚಿದರೆ ಸಾಕು, ಅವಳು ಎದ್ದು ನಡುವೆ ನಿಲ್ಲುವಳು. 'ಗಾಳಿ ಬಿಡಿ' ಅನ್ನುವಳು. ಬಂದವರಿಗೆ ಅದು ಜಾಗ ಬಿಡಿ ಅನ್ನುವ ಮಾತೋ ಮಂತ್ರವೋ ತಿಳಿಯದೆ ಹಿಂದೆ ಸರಿಯುವರು.

ಸದ್ದು ಗೆರೆಯಲ್ಲೇ ನಿಂತಿತು. ಆಮೇಲೆ ಒಂದು ಬೆರಳು ಕೆಳಗಿಳಿಯಿತು. ನಂಬಿಕೆ ಬಾರದೆ ಡಾಕ್ಟರಮ್ಮನನ್ನು ಕರೆದಳು. ಅವರೂ ಒತ್ತಿದರು. ಮೂರು ಬೆರಳು ಇಳಿಯಿತು. ಒಂದು ಬೆಳಿಗ್ಗೆ, ಬಿಸಿಲು ಕಿಟಕಿಯಿಂದ ನೇರ ಗಾಯದ ಮೇಲೆ ಬಿದ್ದಿದ್ದಾಗ, ಅವಳು ಹಿಮ್ಮಡಿಯವರೆಗೂ ಒತ್ತಿ ನೋಡಿದಳು. ಎಲ್ಲಿಯೂ ಇಲ್ಲ. ಮಾಂಸ ದಾಸವಾಳದ ಕೆಂಪಿಗೆ ಬಂದಿತ್ತು. ವಾಸನೆ ಹೋಗಿತ್ತು. ರೇಷ್ಮೆ ಬಾಯಿ ಮುಚ್ಚಿತ್ತು.

ಚನ್ನಾಜಮ್ಮ ಸೊಸೆಯ ಮುಖವನ್ನೇ ನೋಡುತ್ತಾ ಬಾಗಿಲಲ್ಲಿ ನಿಂತಿದ್ದಳು. ಅನಸೂಯಮ್ಮ ಅವಳ ಕೈ ಹಿಡಿದು ತಂದು ಮಗನ ಕಾಲ ಮೇಲಿಟ್ಟಳು.

"ಒತ್ತಿ ಅತ್ತೆ. ಏನಾರ ಕೇಳ್ತದಾ?"

ಮುದುಕಿ ಒತ್ತಿದಳು. ತುಂಬ ಹೊತ್ತು ಕೈ ತೆಗೆಯಲೇ ಇಲ್ಲ.

"ಮೆಲ್ಗೆ ಕಣವ್ವ," ಅಂದ ಜವರಯ್ಯ. "ಗಾಳಿ ಬಿಟ್ರೂ ನೀ ಬಿಡಕ್ಕಿಲ್ವಾ?"

ಅವಳು ನಗುತ್ತಲೇ ಅತ್ತಳು. ಆಮೇಲೆ ಸೆರಗಲ್ಲಿ ಮುಖ ಒರೆಸಿಕೊಂಡು, ಯಾರೂ ಹೇಳದೆ, ಅರ್ಧ ವಾಲಿದ್ದ ಕಿಟಕಿಯ ಕದವನ್ನು ತಾನೇ ಪೂರ್ತಿ ತೆರೆದಳು.

ಇಲ್ಲಿಗೆ ಕತೆ ಮುಗಿಸಿದರೆ ಮುದ್ದಯ್ಯನಿಗೆ ಖುಷಿ. ಜವರಯ್ಯ ಬದುಕಿದ, ದೇವರು ದೊಡ್ಡವನು, ಎಲ್ಲರೂ ಗುಂಡಿಗೆ ಇಳೀರಿ.

ಕೋಲು ಹಿಡಿದು ಜವರಯ್ಯ ಮಗ್ಗದ ಮನೆಗೆ ಬಂದ ದಿನ ಯಾರೂ ಗುಂಡಿಗೆ ಇಳಿದಿರಲಿಲ್ಲ. ನೇಕಾರರು ಗೋಡೆಯುದ್ದಕ್ಕೂ ನಿಂತಿದ್ದರು. ಹೆಂಗಸರ ರಾಟೆಯೂ ನಿಂತಿತ್ತು. ಮಗ್ಗ ನಿಂತ ಮೌನ ಎಂಥದೆಂದು ಸಾವ್ಕಾರನಿಗೆ ಅವತ್ತೇ ಗೊತ್ತಾದದ್ದು. ಸದ್ದೇ ಇಲ್ಲದ ಮನೆಯಲ್ಲಿ ಅವನ ಚಪ್ಪಲಿ ಒಂದೇ ಕಿರುಗುಟ್ಟುತ್ತಿತ್ತು.

"ಏನ್ರಲಾ ಇದು, ಜಾತ್ರೆಯಾ?" ಅಂದ.

"ಹಲ್ಗೆ ಎಲ್ಲಾ ಹೊಸ್ದು ಹಾಕುಸ್ಬೇಕು ಸಾವ್ಕಾರ್ರೆ," ಅಂದ ಚಿಕ್ಕಸಿದ್ದಯ್ಯ. "ಗುಂಡಿ ತಳಕ್ಕೆ ಕಲ್ಲು ಹಾಸ್ಬೇಕು. ಕಿಟ್ಕಿ ಬಿಚ್ಬೇಕು. ಇದಾಗೋಗಂಟ ಲಾಳಿ ಓಡಕ್ಕಿಲ್ಲ."

"ಕಿಟ್ಕಿ ಬಿಚ್ಚುದ್ರೆ ಹಾಸು ಒಣುಗ್ತದೆ, ಎಳೆ ಹರೀತದೆ. ನಿಮ್ಮಪ್ಪನ ಕಾಲ್ದಿಂದ ಗೊತ್ತಿರೋ ಮಾತಲ್ವಾ?"

ಅನಸೂಯಮ್ಮ ರಾಟೆಯ ಹಿಂದಿನಿಂದ ಎದ್ದಳು. ಆ ಮನೆಯಲ್ಲಿ ಸಾವ್ಕಾರನ ಎದುರು ಹೆಂಗಸು ಎದ್ದು ನಿಂತದ್ದಿರಲಿಲ್ಲ.

"ಹರೀಲಿ ಸಾವ್ಕಾರ್ರೆ. ಗುಂಡಿಗೆ ನೀರು ಚಿಮುಕ್ಸಿ ತೇವ ಕಾಯ್ತೀವಿ, ಆದ್ರೂ ಹರುದ್ರೆ ಗಂಟು ಹಾಕ್ತೀವಿ. ಹರುದ್ ಎಳೆ ಕಟ್ಟೋದು ನಮ್ಗೆ ಗೊತ್ತದೆ. ಹರುದ್ ಕಾಲು ಕಟ್ಟೋದು ನಿಮ್ಗೆ ಗೊತ್ತದಾ?"

ಮುದ್ದಯ್ಯ ಸುತ್ತ ನೋಡಿದ. ಬಾಗಿಲ ಹೊರಗೆ, ಜವರಯ್ಯನ ಕಾಲು ನೋಡಿ ಹೋಗಲು ಹನೂರಿನಿಂದ ಬಂದಿದ್ದ ನಿಂಗಯ್ಯ ಜಗಲಿಯಲ್ಲಿ ಕೂತು ಎಲೆ ಮೆಲ್ಲುತ್ತಿದ್ದ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು.

"ಯೋಳು ನಿಂಗಯ್ಯ, ನೀನೇ ಯೋಳು. ಇವ್ರು ಕಿಟ್ಕಿ ಬಿಚ್ಚಿ ಊರ್ ಗಾಳಿನೆಲ್ಲ ಒಳೀಕ್ ಕರೀತಾವ್ರೆ. ಜವರನ್ ಕಾಲಿಗೆ ಮೆಟ್ಕಂಡಿದ್ದು ಗಾಳಿನೋ ಅಲ್ವೋ?"

ನಿಂಗಯ್ಯ ಎಲೆ ಉಗುಳಿ, ಬಾಯಿ ಒರೆಸಿಕೊಂಡು, ಸಾವಕಾಶ ಎದ್ದ. ಒಂದು ಜನ್ಮವೆಲ್ಲ ಗಾಳಿ ಬಿಡಿಸಿದ ಮನುಷ್ಯ. ಅವನ ಮಾತಿಗೆ ಆ ಮನೆಯಲ್ಲಿ ಡಾಕ್ಟರಮ್ಮನ ಮಾತಿಗಿಂತ ತೂಕ ಜಾಸ್ತಿ ಇತ್ತು.

"ನಾನ್ ಬಿಡ್ಸೋ ಗಾಳಿಗೆ ಮೊಳೆ ಇರಕ್ಕಿಲ್ಲ ಸಾವ್ಕಾರ್ರೆ," ಅಂದ. "ಜವರನ್ ಕಾಲಲ್ಲಿದ್ದದ್ದು ನಿಮ್ಮ ಮೊಳೆ. ನಾನು ಕಣ್ಣಾರೆ ಕಂಡೆ."

ಮೊದಲು ಯಾರೋ ಕೆಮ್ಮಿದರು. ಆಮೇಲೆ ಒಬ್ಬ ನಕ್ಕ. ಆ ನಗು ಗೋಡೆಯುದ್ದಕ್ಕೂ ಓಡಿತು, ಹಾಸಿನ ಮೇಲೆ ಲಾಳಿ ಓಡಿದಂತೆ. ಅಷ್ಟು ವರ್ಷ ಆ ಮನೆಯಲ್ಲಿ ಜನ ಕೆಮ್ಮಿದ್ದರು, ಅತ್ತಿದ್ದರು, ಒಟ್ಟಿಗೆ ನಕ್ಕಿರಲಿಲ್ಲ.

"ಡಾಕ್ಟ್ರಮ್ಮ ಒಂದು ಹುಳ ಇದೆ ಅಂದ್ರು," ಅಂತ ಚಿಕ್ಕಸಿದ್ದಯ್ಯ ಎಲ್ಲರಿಗೂ ಕೇಳುವಂತೆ ಶುರುಮಾಡಿದ. "ಗಾಳಿ ಬೆಳ್ಕು ಇಲ್ದಿದ್ ಕಡೆ ಕೂತು, ಮುಚ್ಕಂಡು, ನಮ್ ಮಾಂಸ ತಿಂದು ತೇಗ್ತದಂತೆ. ಕದ ತಗುದ್ರೆ ಸತ್ತೋಯ್ತದಂತೆ. ನಾನು ಅದ್ನ ಎಲ್ಲೋ ನೋಡಿದೀನಿ ಅನ್ಸ್ತದೆ ಕಣ್ರಪ್ಪ."

ಸಾವ್ಕಾರನಿಗೆ ಆ ಮಾತು ಅರ್ಥವಾಗಲು ತಡವಾಗಲಿಲ್ಲ. ಅವನು ತಿರುಗಿ ಹೊರಟ. ಹೊರಟವನು ಬಾಗಿಲಲ್ಲಿ ನಿಂತು, ಗೋಡೆ ಕಡೆ ನೋಡಿಕೊಂಡು, "ಬಡ್ಗಿ ಕರುಸ್ತೀನಿ," ಅಂದ. "ಏನೇನ್ ಬೇಕೋ ಅವುನ್ಗೇ ಯೋಳಿ."

ಬಡಗಿ ಬರುವವರೆಗೂ ಯಾರು ಕಾಯಬೇಕು? ಚಿಕ್ಕಸಿದ್ದಯ್ಯ ಕೊಡತಿ ಹುಡುಕುತ್ತಿರುವಾಗಲೇ ಚನ್ನಾಜಮ್ಮ, ಮಗನ ಜೊತೆ ಬಂದು ಇಷ್ಟು ಹೊತ್ತೂ ಮೂಲೆಯಲ್ಲಿ ಸುಮ್ಮನಿದ್ದವಳು, ಹತ್ತಿರದ ಗೋಣಿತಾಟಿನ ಅಂಚಿಗೆ ಎರಡು ಕೈಯೂ ಹಾಕಿ ಎಳೆದಳು. ಮೊಳೆಗಳು ಒಂದೊಂದಾಗಿ ಕಿತ್ತು ನೆಲಕ್ಕೆ ಬಿದ್ದವು. ಬೆಳಕು ಒಳಗೆ ಬಂದು ಗುಂಡಿಗಳ ತಳ ಕಾಣಿಸಿತು. ಇಂಥದರೊಳಗೆ ನಾವು ಕಾಲಿಟ್ಟು ಕೂತಿದ್ದೆವಾ ಅಂತ ನೇಕಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೊಳೆ ಆಯ್ಕಳ್ರಲಾ," ಅಂದಳು ಮುದುಕಿ. "ಕಾಲಿಗ್ ಚುಚ್ಚೀತು."

ಹಲಗೆ ಬಂದವು, ಕಲ್ಲು ಬಂತು. ಜವರಯ್ಯ ಕೋಲನ್ನು ಗೋಡೆಗೊರಗಿಸಿ ತನ್ನ ಮಗ್ಗಕ್ಕೆ ಇಳಿದ ದಿನ ತೆರೆದ ಕಿಟಕಿಯಿಂದ ಒಳ್ಳೆಯ ಗಾಳಿ ಬೀಸುತ್ತಿತ್ತು. ಬಲಗಾಲಿಗೆ ಕಿರುಬೆರಳಿಲ್ಲ, ಮೀನಖಂಡ ಒಂದು ಕಡೆ ತಗ್ಗಾಗಿತ್ತು. ಹಲಗೆ ಮೆಲ್ಲಗೆ ಅದುಮಿ ನೋಡಿದ. ಎಡಗಾಲು ತುಳಿದ. ಬಲಗಾಲು ತುಳಿದ. ಲಾಳಿ ಹಾಸಿನ ನಡುವೆ ಹೊಕ್ಕು ಆಚೆಗೆ ಬಂತು. ಎಲ್ಲ ಮಗ್ಗಗಳೂ ಅವನ ಕಾಲನ್ನೇ ಕೇಳುತ್ತಾ ನಿಂತಿದ್ದವು.

ನೇಯ್ಗೆ ಒಂದು ಗೇಣು ಸಾಗಿರಲಿಕ್ಕಿಲ್ಲ. ಗಾಳಿಗೆ ಒಂದು ಎಳೆ ಪಟ್ಟನೆ ಹರಿಯಿತು.

ಸಾವ್ಕಾರ ಹೇಳಿದ್ದ ಅರ್ಧ ನಿಜ ಅದೇ. ಒಬ್ಬಿಬ್ಬರು ಅನಸೂಯಮ್ಮನ ಕಡೆ ತಿರುಗಿದರು. ಅವಳು ರಾಟೆ ಬಿಟ್ಟು ಎದ್ದು ಬಂದಳು. ಹರಿದ ಎರಡು ತುದಿಯನ್ನೂ ಬೆರಳಲ್ಲಿ ಹಿಡಿದು, ನಾಲಗೆಯ ತುದಿಗೆ ತಾಕಿಸಿ, ಒಂದೇ ಹೊಸೆತಕ್ಕೆ ಗಂಟು ಹಾಕಿದಳು. ಎಳೆ ಎಲ್ಲಿ ಹರಿದಿತ್ತೆಂದು ಅವಳಿಗೇ ಮತ್ತೆ ಹುಡುಕಲಾಗದಷ್ಟು ಸಣ್ಣ ಗಂಟು.

"ಉಂ, ತುಳೀರಿ," ಅಂದಳು ಗಂಡನಿಗೆ.

ಅವನು ತುಳಿದ.